ಪಾಸ್‌ವರ್ಡ್ ಸರಿ, ಆದರೂ ಲಾಗಿನ್ ಇಲ್ಲ: ಮೇಲ್ ಸರ್ವರ್‌ನ ಗುಂಪು ಅನುಮತಿ ಸರಿಪಡಿಸುವ ಬಗೆ

ಹೊಸದಾಗಿ ಮೇಲ್ ಸರ್ವರ್ ಹಾಕಿದ್ದೀರಿ, ಅಥವಾ ಇದ್ದ ಸರ್ವರನ್ನೇ ಅಪ್‌ಗ್ರೇಡ್ ಮಾಡಿದ್ದೀರಿ. ಹೊರಗಿನಿಂದ ಬರುವ ಪತ್ರಗಳು ಸಲೀಸಾಗಿ ಇನ್‌ಬಾಕ್ಸ್ ಸೇರುತ್ತಿವೆ. ಆದರೆ ಕಚೇರಿಯವರು ಥಂಡರ್‌ಬರ್ಡ್‌ನಿಂದಲೋ ಮೊಬೈಲಿನಿಂದಲೋ ಪತ್ರ ಕಳಿಸಲು ಹೋದರೆ ಲಾಗಿನ್ ಆಗುತ್ತಿಲ್ಲ. ಪಾಸ್‌ವರ್ಡ್ ಬದಲಿಸಿ ಕೊಟ್ಟರೂ ಅದೇ ಕಥೆ. ನೀವು ರೂಟ್ ಆಗಿ ಸರ್ವರ್ ಒಳಗೆ ಕೂತು ಪರೀಕ್ಷಿಸಿದರೆ ಮಾತ್ರ ಅದೇ ಪಾಸ್‌ವರ್ಡ್ ಸರಿ ಎಂಬ ಉತ್ತರ ಬರುತ್ತದೆ.

ಈ ಲಕ್ಷಣಗಳು ಒಟ್ಟಿಗೆ ಕಂಡರೆ ಪಾಸ್‌ವರ್ಡನ್ನು ಬಿಟ್ಟು ಅನುಮತಿಯ ಕಡೆ ನೋಡಿ. ಪಾಸ್‌ವರ್ಡ್ ಪರಿಶೀಲಿಸುವ ಸೇವೆ ಚೆನ್ನಾಗಿಯೇ ಓಡುತ್ತಿದೆ. ಮೇಲ್ ಸರ್ವರ್‌ಗೆ ಅದನ್ನು ತಲುಪಲು ಆಗುತ್ತಿಲ್ಲ. ಇಬ್ಬರ ನಡುವೆ ಎಲ್ಲೋ ಒಂದು ಕಡೆ ಗುಂಪಿನ ಅನುಮತಿ ತಪ್ಪಿದೆ. ರೂಟ್‌ಗೆ ಈ ಅಡ್ಡಿ ಯಾವತ್ತೂ ಎದುರಾಗುವುದಿಲ್ಲ, ಹಾಗಾಗಿ ರೂಟ್ ಆಗಿ ಹುಡುಕುವವರಿಗೆ ದೋಷ ಕಾಣುವುದೂ ಇಲ್ಲ. ಮೇಲ್ ಸರ್ವರ್ ಯಾವ ಬಳಕೆದಾರನ ಹೆಸರಿನಲ್ಲಿ ಓಡುತ್ತದೋ ಆ ಬಳಕೆದಾರನಾಗಿ ನಿಂತು ನೋಡಬೇಕು. ಮುಂದಿನ ಹಂತಗಳೆಲ್ಲ ಈ ಒಂದು ಮಾತನ್ನೇ ಆಧರಿಸಿವೆ.

ಇಲ್ಲಿನ ಉದಾಹರಣೆಗಳು ಡೆಬಿಯನ್, ಉಬುಂಟು ಯಂತ್ರಗಳ ಪೋಸ್ಟ್‌ಫಿಕ್ಸ್‌ಗೆ ಸೇರಿದವು. ಕಮಾಂಡ್ ಮತ್ತು ಫೈಲುಗಳ ಹೆಸರನ್ನು ಓದಿಗೆ ಅನುಕೂಲವಾಗಲೆಂದು ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಯಂತ್ರದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಕೆಲಸ ಶುರು ಮಾಡುವ ಮೊದಲು /ಎಟ್ಸಿ/ಪೋಸ್ಟ್‌ಫಿಕ್ಸ್ ಮತ್ತು /ಎಟ್ಸಿ/ಡವ್‌ಕಾಟ್ ಡೈರೆಕ್ಟರಿಗಳ ಪ್ರತಿ ತೆಗೆದಿಟ್ಟುಕೊಳ್ಳಿ.

ಸ್ವಲ್ಪ ಹಿನ್ನೆಲೆ

ವೀಟ್ಸೆ ವೆನೆಮಾ ಐಬಿಎಂ ಸಂಶೋಧನಾ ವಿಭಾಗದಲ್ಲಿದ್ದಾಗ ಬರೆದ ಪೋಸ್ಟ್‌ಫಿಕ್ಸ್ 1998ರಲ್ಲಿ ಹೊರಬಂತು. ಒಂದೇ ದೊಡ್ಡ ಪ್ರೋಗ್ರಾಮ್ ರೂಟ್ ಅಧಿಕಾರ ಹಿಡಿದು ಎಲ್ಲವನ್ನೂ ಮಾಡುವ ಬದಲು, ಹಲವು ಸಣ್ಣ ಪ್ರೋಗ್ರಾಮ್‌ಗಳು ತಮ್ಮ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಇಟ್ಟುಕೊಳ್ಳಬೇಕು ಎಂಬುದು ಅದರ ವಿನ್ಯಾಸ. ಟಿಮೊ ಸಿರೈನೆನ್ 2002ರಲ್ಲಿ ಬಿಡುಗಡೆ ಮಾಡಿದ ಡವ್‌ಕಾಟ್ ಕೂಡ ಇದೇ ದಾರಿಯದು. ಪತ್ರ ಕಳಿಸುವವರ ಪಾಸ್‌ವರ್ಡ್ ನೋಡುವ ಕೆಲಸವನ್ನು ಪೋಸ್ಟ್‌ಫಿಕ್ಸ್ ಸಾಮಾನ್ಯವಾಗಿ ಡವ್‌ಕಾಟ್‌ಗೆ, ಇಲ್ಲವೇ ಸೈರಸ್ ಸ್ಯಾಸಲ್ ಕುಟುಂಬದ ‘ಸ್ಯಾಸಲ್‌ಆತ್‌ಡಿ’ ಎಂಬ ಸೇವೆಗೆ ಒಪ್ಪಿಸುತ್ತದೆ. ಅಧಿಕಾರವನ್ನು ಹೀಗೆ ಹಂಚಿದ್ದರಿಂದ ಒಂದು ಪ್ರೋಗ್ರಾಮ್‌ನಲ್ಲಿ ಲೋಪವಿದ್ದರೂ ಇಡೀ ಯಂತ್ರ ಕೈತಪ್ಪುವುದಿಲ್ಲ. ಆದರೆ ಆ ಪ್ರೋಗ್ರಾಮ್‌ಗಳ ನಡುವಿನ ಅನುಮತಿಗಳನ್ನು ಸರಿಯಾಗಿ ಹೊಂದಿಸುವ ಜವಾಬ್ದಾರಿ ನಮ್ಮ ಮೇಲೆ ಬೀಳುತ್ತದೆ.

ಅನುಮತಿ ಕೆಲಸ ಮಾಡುವ ರೀತಿ

ಪೋಸ್ಟ್‌ಫಿಕ್ಸ್ ಮತ್ತು ಪರಿಶೀಲನಾ ಸೇವೆ ಮಾತಾಡಿಕೊಳ್ಳುವುದು ‘ಸಾಕೆಟ್’ ಎಂಬ ವಿಶೇಷ ಬಗೆಯ ಫೈಲ್ ಮೂಲಕ. ಸಾಕೆಟ್ ಕೂಡ ಫೈಲೇ ಆದ್ದರಿಂದ ಅದಕ್ಕೊಬ್ಬ ಒಡೆಯ, ಒಂದು ಗುಂಪು, ಉಳಿದವರು ಎಂಬ ಮೂರು ವರ್ಗಗಳಿವೆ; ಪ್ರತಿ ವರ್ಗಕ್ಕೂ ಓದುವ, ಬರೆಯುವ, ದಾಟುವ ಅನುಮತಿಗಳಿವೆ. ನಾಲ್ಕು ನಿಯಮಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಒಂದನೆಯದು, ಲಿನಕ್ಸ್‌ನಲ್ಲಿ ಸಾಕೆಟ್‌ಗೆ ಸಂಪರ್ಕ ಮಾಡಲು ಅದರ ಮೇಲೆ ಬರೆಯುವ ಅನುಮತಿ ಇರಲೇಬೇಕು. ಓದುವ ಅನುಮತಿಯೊಂದೇ ಸಾಲದು.

ಎರಡನೆಯದು, ಸಾಕೆಟ್‌ವರೆಗಿನ ಹಾದಿಯಲ್ಲಿ ಬರುವ ಪ್ರತಿಯೊಂದು ಡೈರೆಕ್ಟರಿಯ ಮೇಲೂ ದಾಟುವ ಅನುಮತಿ ಬೇಕು. ಕೋಣೆಯ ಬಾಗಿಲು ಪೂರ್ತಿ ತೆರೆದಿದ್ದರೂ ಹೆಬ್ಬಾಗಿಲಿಗೆ ಬೀಗ ಬಿದ್ದಿದ್ದರೆ ಒಳಗೆ ಹೋಗಲಾಗದು. ಬಹುಪಾಲು ಜನ ಸಾಕೆಟ್‌ನ ಅನುಮತಿಯನ್ನೇ ಮತ್ತೆ ಮತ್ತೆ ತಿದ್ದುತ್ತಿರುತ್ತಾರೆ, ತಡೆ ಇರುವುದು ಎರಡು ಮೆಟ್ಟಿಲು ಮೇಲಿನ ಡೈರೆಕ್ಟರಿಯಲ್ಲಿ.

ಮೂರನೆಯದು, ಕರ್ನೆಲ್ ಮೊದಲು ಹೊಂದಿಕೊಂಡ ವರ್ಗವನ್ನಷ್ಟೇ ನೋಡುತ್ತದೆ. ನೀವು ಫೈಲಿನ ಒಡೆಯರಾಗಿದ್ದರೆ ಒಡೆಯನ ಅನುಮತಿಯೇ ಅಂತಿಮ. ಅಲ್ಲಿ ಇಲ್ಲದ್ದು ಗುಂಪಿನ ಸಾಲಿನಲ್ಲಿದ್ದರೂ ಸಿಗುವುದಿಲ್ಲ.

ನಾಲ್ಕನೆಯದು, ಒಂದು ಪ್ರಕ್ರಿಯೆ ತನ್ನ ಗುಂಪುಗಳ ಪಟ್ಟಿಯನ್ನು ಪಡೆಯುವುದು ಶುರುವಾಗುವಾಗ. ಆಮೇಲೆ ನೀವು ಆ ಬಳಕೆದಾರನನ್ನು ಹೊಸ ಗುಂಪಿಗೆ ಸೇರಿಸಿದರೂ ಈಗಾಗಲೇ ಓಡುತ್ತಿರುವ ಪ್ರಕ್ರಿಯೆಗೆ ಅದು ತಿಳಿಯುವುದಿಲ್ಲ.

ಹಂತ ಹಂತವಾಗಿ ಪತ್ತೆ

1. ಮೊದಲು ಲಾಗ್ ಓದಿ

ಡೆಬಿಯನ್, ಉಬುಂಟುಗಳಲ್ಲಿ ಸಾಮಾನ್ಯವಾಗಿ /ವಾರ್/ಲಾಗ್/ಮೇಲ್.ಲಾಗ್ ನೋಡಿ, ಅದಿಲ್ಲದಿದ್ದರೆ ‘ಜರ್ನಲ್‌ಸಿಟಿಎಲ್’ ಕಮಾಂಡ್ ಬಳಸಿ. ಒಂದು ಕಿಟಕಿಯಲ್ಲಿ ಲಾಗ್ ಓಡುತ್ತಿರಲಿ, ಇನ್ನೊಂದರಿಂದ ಲಾಗಿನ್ ಪ್ರಯತ್ನಿಸಿ. ಬರುವ ಸಾಲಿನ ಕೊನೆಯ ಮಾತು ಬಹಳ ಮುಖ್ಯ:

• ‘ಪರ್ಮಿಷನ್ ಡಿನೈಡ್’ ಎಂದಿದ್ದರೆ ಹಾದಿಯಲ್ಲಿ ಎಲ್ಲೋ ಅನುಮತಿ ಇಲ್ಲ.
• ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದಿದ್ದರೆ ಪೋಸ್ಟ್‌ಫಿಕ್ಸ್ ಹುಡುಕುವ ಜಾಗದಲ್ಲಿ ಸಾಕೆಟ್ ಇಲ್ಲ. ಸಿಎಚ್‌ರೂಟ್ ಗೊಂದಲದ ಗುರುತು ಇದು (ಸಿಎಚ್‌ರೂಟ್ ಎಂದರೇನು ಎಂಬುದು ಎರಡನೇ ಹಂತದಲ್ಲಿದೆ).
• ‘ಕನೆಕ್ಷನ್ ರೆಫ್ಯೂಸ್ಡ್’ ಎಂದಿದ್ದರೆ ಸಾಕೆಟ್ ಇದೆ, ಅದರಾಚೆ ಕೇಳಿಸಿಕೊಳ್ಳುವ ಸೇವೆ ನಿಂತಿದೆ.

ಸ್ಯಾಸಲ್‌ಆತ್‌ಡಿ ಬಳಸುವವರಿಗೆ ಇನ್ನೊಂದು ಸುಳಿವಿದೆ. ಪಾಸ್‌ವರ್ಡ್ ನಿಜಕ್ಕೂ ತಪ್ಪಾಗಿದ್ದರೆ ಲಾಗ್‌ನಲ್ಲಿ ‘ಅಥೆಂಟಿಕೇಷನ್ ಫೇಲ್ಯೂರ್’ ಎಂದು ಬರುತ್ತದೆ. ಸೇವೆಯನ್ನು ತಲುಪಲಾಗದಿದ್ದರೆ ‘ಜೆನೆರಿಕ್ ಫೇಲ್ಯೂರ್’ ಎನ್ನುತ್ತದೆ. ಡವ್‌ಕಾಟ್ ಸಾಕೆಟ್ ಸಿಗದಿದ್ದಾಗ ‘ನೋ ಸ್ಯಾಸಲ್ ಅಥೆಂಟಿಕೇಷನ್ ಮೆಕ್ಯಾನಿಸಮ್ಸ್’ ಎಂದು ಬರೆದು ಪೋಸ್ಟ್‌ಫಿಕ್ಸ್‌ನ ಎಸ್‌ಎಂಟಿಪಿಡಿ ಪ್ರಕ್ರಿಯೆಯೇ ನಿಂತುಹೋಗುತ್ತದೆ. ಆಗ ಬಳಕೆದಾರರಿಗೆ ಕಾಣುವುದು ‘ಸರ್ವರ್ ಸಿಗುತ್ತಿಲ್ಲ’ ಎಂಬ ಸಂದೇಶ. ನೆಟ್‌ವರ್ಕ್ ಕೆಟ್ಟಿದೆ ಎಂದುಕೊಂಡು ಫೈರ್‌ವಾಲ್ ಕೆದಕುವ ಮೊದಲು ಲಾಗ್‌ನಲ್ಲಿ ಈ ಸಾಲು ಇದೆಯೇ ನೋಡಿ.

2. ಯಾರು ಯಾರನ್ನು ಕೇಳುತ್ತಿದ್ದಾರೆ ಎಂದು ಖಚಿತಪಡಿಸಿಕೊಳ್ಳಿ

‘ಪೋಸ್ಟ್‌ಕಾನ್ಫ್’ ಕಮಾಂಡ್‌ನಿಂದ ‘ಎಸ್‌ಎಂಟಿಪಿಡಿ_ಸ್ಯಾಸಲ್_ಟೈಪ್’ ಮತ್ತು ‘ಎಸ್‌ಎಂಟಿಪಿಡಿ_ಸ್ಯಾಸಲ್_ಪಾತ್’ ಎಂಬ ಎರಡು ಮೌಲ್ಯಗಳನ್ನು ನೋಡಿ. ಮೊದಲನೆಯದು ‘ಡವ್‌ಕಾಟ್’ ಎಂದಿದ್ದರೆ ಐದನೇ ಹಂತ ನಿಮಗೆ; ‘ಸೈರಸ್’ ಎಂದಿದ್ದು ಪರಿಶೀಲನೆಗೆ ಸ್ಯಾಸಲ್‌ಆತ್‌ಡಿ ಬಳಸುತ್ತಿದ್ದರೆ ಆರನೇ ಹಂತ.

ಬಳಿಕ ‘ಮಾಸ್ಟರ್.ಸಿಎಫ್’ ಫೈಲ್ ತೆರೆದು ‘ಸಬ್‌ಮಿಷನ್’ ಅಥವಾ ‘ಎಸ್‌ಎಂಟಿಪಿ’ ಸಾಲಿನ ಐದನೇ ಕಾಲಂ ನೋಡಿ. ಅಲ್ಲಿ ‘ವೈ’ ಇದ್ದರೆ ಆ ಸೇವೆ ಸಿಎಚ್‌ರೂಟ್ ಒಳಗೆ ಓಡುತ್ತಿದೆ. ಅಂದರೆ ಅದರ ಪಾಲಿಗೆ /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಡೈರೆಕ್ಟರಿಯೇ ಇಡೀ ಪ್ರಪಂಚ. ಅದು /ವಾರ್/ರನ್ ಎಂದು ಹುಡುಕಿದರೆ ನಿಜವಾಗಿ ನೋಡುವುದು /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ವಾರ್/ರನ್ ಜಾಗವನ್ನು. ಸಾಕೆಟ್ ಹೊರಗಿದ್ದರೆ ಎಷ್ಟು ಅನುಮತಿ ಕೊಟ್ಟರೂ ಅದಕ್ಕೆ ಕಾಣಿಸದು.

3. ಹಾದಿಯ ಪ್ರತಿ ಮೆಟ್ಟಿಲನ್ನೂ ನೋಡಿ

ಇದಕ್ಕೆಂದೇ ಇರುವ ಸಣ್ಣ ಕಮಾಂಡ್ ‘ನೇಮ್‌ಐ’ (ಎನ್, ಎ, ಎಂ, ಇ, ಐ ಎಂದು ಟೈಪ್ ಮಾಡಿ). ‘-ಎಲ್’ ಆಯ್ಕೆ ಸೇರಿಸಿ ಸಾಕೆಟ್‌ನ ಪೂರ್ಣ ಹಾದಿಯನ್ನು ಕೊಟ್ಟರೆ, ಬೇರಿನಿಂದ ತುದಿಯವರೆಗೆ ಪ್ರತಿ ಡೈರೆಕ್ಟರಿಯ ಒಡೆಯ, ಗುಂಪು, ಅನುಮತಿಗಳನ್ನು ಸಾಲಾಗಿ ತೋರಿಸುತ್ತದೆ.

ಒಂದು ಉದಾಹರಣೆ ನೋಡೋಣ. /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ವಾರ್/ರನ್/ಸ್ಯಾಸಲ್‌ಆತ್‌ಡಿ/ಮಕ್ಸ್ ಎಂಬ ಸಾಕೆಟ್ ಇದೆ. ಕೊನೆಯ ‘ಮಕ್ಸ್’ ಎಲ್ಲರಿಗೂ ತೆರೆದಿದೆ. ಅದರ ಮೇಲಿನ ‘ಸ್ಯಾಸಲ್‌ಆತ್‌ಡಿ’ ಡೈರೆಕ್ಟರಿ ರೂಟ್ ಒಡೆತನದಲ್ಲಿ, ‘ಸ್ಯಾಸಲ್’ ಗುಂಪಿನಲ್ಲಿ, 710 ಅನುಮತಿಯೊಂದಿಗೆ ಸರಿಯಾಗಿದೆ. ಆದರೆ ಅದಕ್ಕೂ ಮೇಲಿನ ‘ರನ್’ ಸಾಲಿನಲ್ಲಿ ರೂಟ್‌ಗೆ ಮಾತ್ರ ಮೂರೂ ಅನುಮತಿ. ಉಳಿದ ಆರು ಸ್ಥಾನಗಳಲ್ಲಿ ಬರೀ ಅಡ್ಡಗೆರೆ. ಬಿಗಿಯಾದ ಯುಮಾಸ್ಕ್ ಇರುವ ರೂಟ್ ಖಾತೆಯಿಂದ ‘ಎಂಕೆಡಿಐಆರ್’ ಮಾಡಿದಾಗ ಆಗುವುದು ಹೀಗೆಯೇ. ಇಂಥ ಕಡೆ ಪೋಸ್ಟ್‌ಫಿಕ್ಸ್ ಸ್ಪೂಲ್ ಒಳಗಿನ ‘ವಾರ್’, ‘ರನ್’ ಎರಡನ್ನೂ 755 ಮಾಡಿದರೆ ಸಾಕು. ಸಾಕೆಟ್ ಮುಟ್ಟುವ ಅಗತ್ಯವೇ ಇಲ್ಲ.

4. ಪೋಸ್ಟ್‌ಫಿಕ್ಸ್ ಬಳಕೆದಾರನಾಗಿ ಪರೀಕ್ಷಿಸಿ

‘ಐಡಿ ಪೋಸ್ಟ್‌ಫಿಕ್ಸ್’ ಎಂಬ ಕಮಾಂಡ್ ಆ ಬಳಕೆದಾರ ಯಾವ ಯಾವ ಗುಂಪಿನಲ್ಲಿದ್ದಾನೆ ಎಂದು ಹೇಳುತ್ತದೆ. ಬಳಿಕ ‘ಸುಡೋ -ಯು ಪೋಸ್ಟ್‌ಫಿಕ್ಸ್ ಟೆಸ್ಟ್ -ಡಬ್ಲ್ಯು’ ಎಂದು ಬರೆದು ಮುಂದೆ ಸಾಕೆಟ್‌ನ ಪೂರ್ಣ ಹಾದಿ ಕೊಡಿ. ಕೂಡಲೇ ಡಾಲರ್ ಚಿಹ್ನೆ ಮತ್ತು ಪ್ರಶ್ನಾರ್ಥಕ ಚಿಹ್ನೆಯನ್ನು ‘ಎಕೋ’ ಮಾಡಿ ಉತ್ತರ ಓದಿ. 0 ಬಂದರೆ ಬರೆಯುವ ಅನುಮತಿ ಇದೆ. 1 ಬಂದರೆ ಇಲ್ಲ, ಅಥವಾ ಆ ಹಾದಿಯಲ್ಲಿ ಸಾಕೆಟ್ಟೇ ಇಲ್ಲ. ಪ್ರತಿ ತಿದ್ದುಪಡಿಯ ನಂತರ ಈ ಪರೀಕ್ಷೆ ಮಾಡಿದರೆ ಊಹೆಗೆ ಜಾಗವಿರದು.

‘ಟೆಸ್ಟ್‌ಸ್ಯಾಸಲ್‌ಆತ್‌ಡಿ’ ಮತ್ತು ‘ಡವ್‌ಅಡ್ಮ್ ಆತ್ ಟೆಸ್ಟ್’ ಕಮಾಂಡ್‌ಗಳೂ ಉಪಯುಕ್ತ. ಆದರೆ ಅವನ್ನು ರೂಟ್ ಆಗಿ ಓಡಿಸಿದರೆ ಪಾಸ್‌ವರ್ಡ್ ಸರಿಯೇ ಎಂದಷ್ಟೇ ತಿಳಿಯುತ್ತದೆ. ಪೋಸ್ಟ್‌ಫಿಕ್ಸ್‌ಗೆ ದಾರಿ ಇದೆಯೇ ಎಂಬುದು ತಿಳಿಯದು.

5. ಡವ್‌ಕಾಟ್ ಬಳಸುವವರಿಗೆ

ಪೋಸ್ಟ್‌ಫಿಕ್ಸ್ ಕಡೆ ಹಾದಿಯನ್ನು ‘ಪ್ರೈವೇಟ್/ಆತ್’ ಎಂದು ಕೊಟ್ಟಿರಬೇಕು. ಮುಂದೆ ಓರೆಗೆರೆ ಬೇಡ. ಇದನ್ನು ಪೋಸ್ಟ್‌ಫಿಕ್ಸ್ ತನ್ನ ಸ್ಪೂಲ್ ಡೈರೆಕ್ಟರಿಯಿಂದ ಲೆಕ್ಕ ಹಾಕುವುದರಿಂದ ಸಿಎಚ್‌ರೂಟ್ ಇದ್ದರೂ ಇಲ್ಲದಿದ್ದರೂ ಒಂದೇ ಹಾದಿ ನಡೆಯುತ್ತದೆ.

ಡವ್‌ಕಾಟ್ ಕಡೆ ‘10-ಮಾಸ್ಟರ್.ಕಾನ್ಫ್’ ಫೈಲಿನ ‘ಸರ್ವಿಸ್ ಆತ್’ ಭಾಗದಲ್ಲಿ ‘ಯುನಿಕ್ಸ್_ಲಿಸನರ್’ ಎಂದು /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ಪ್ರೈವೇಟ್/ಆತ್ ಹಾದಿ ಕೊಟ್ಟು, ಅದರೊಳಗೆ ಮೋಡ್ 0660, ಯೂಸರ್ ಪೋಸ್ಟ್‌ಫಿಕ್ಸ್, ಗ್ರೂಪ್ ಪೋಸ್ಟ್‌ಫಿಕ್ಸ್ ಎಂದು ಮೂರು ಸಾಲು ಬರೆಯಿರಿ. ಯೂಸರ್ ಮತ್ತು ಗ್ರೂಪ್ ಸಾಲು ಮರೆತರೆ ಸಾಕೆಟ್ ರೂಟ್ ಪಾಲಾಗುತ್ತದೆ, 0660 ಇದ್ದೂ ಪೋಸ್ಟ್‌ಫಿಕ್ಸ್‌ಗೆ ಉಪಯೋಗವಿಲ್ಲ. ಬಳಿಕ ಡವ್‌ಕಾಟನ್ನು ರೀಸ್ಟಾರ್ಟ್ ಮಾಡಿ.

‘ಪ್ರೈವೇಟ್’ ಡೈರೆಕ್ಟರಿ ಪೋಸ್ಟ್‌ಫಿಕ್ಸ್ ಬಳಕೆದಾರನದು, ಅನುಮತಿ 700. ಡವ್‌ಕಾಟ್ ಜೊತೆ ಬರುವ ಮಾದರಿ ಫೈಲಿನಲ್ಲಿ ಇದೇ ಸಾಕೆಟ್‌ಗೆ 0666 ಎಂದು ಬರೆದಿರುವುದನ್ನು ಕಂಡು ಗಾಬರಿಯಾಗಬೇಡಿ. ಮೇಲಿನ ಡೈರೆಕ್ಟರಿಯೇ ಬೇರೆಯವರನ್ನು ತಡೆಯುತ್ತದೆ. ಆದರೆ ಸಾಕೆಟನ್ನು ಬೇರೆ ಜಾಗಕ್ಕೆ ಸ್ಥಳಾಂತರಿಸಿದರೆ ಈ ರಕ್ಷಣೆ ಜೊತೆಗೆ ಬರುವುದಿಲ್ಲ. ಆಗ 0666 ಅಪಾಯಕಾರಿ.

ಕಳಿಸುವುದು ಸರಿಯಾಗಿದ್ದು, ಬಂದ ಪತ್ರ ಮೇಲ್‌ಬಾಕ್ಸ್‌ಗೆ ಬೀಳುವಾಗ ತೊಂದರೆಯಾದರೆ ‘ಆತ್-ಯೂಸರ್‌ಡಿಬಿ’ ಎಂಬ ಇನ್ನೊಂದು ಸಾಕೆಟ್ ನೋಡಿ. ಪತ್ರಗಳನ್ನು ‘ವಿಮೇಲ್’ ಎಂಬ ಬಳಕೆದಾರನ ಹೆಸರಿನಲ್ಲಿ ಇಡುವ ವ್ಯವಸ್ಥೆಯಲ್ಲಿ ಆ ಸಾಕೆಟ್‌ಗೆ ಯೂಸರ್ ವಿಮೇಲ್, ಮೋಡ್ 0600 ಕೊಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಇಂಥ ದೋಷ ಬಂದಾಗ ಡವ್‌ಕಾಟ್‌ನ ಲಾಗನ್ನು ಗಮನವಿಟ್ಟು ಓದಿ. ಯಾವ ಬಳಕೆದಾರ, ಯಾವ ಗುಂಪು, ಯಾವ ಹಾದಿಯಲ್ಲಿ, ಯಾವ ಅನುಮತಿ ಕಡಿಮೆ ಬಿದ್ದಿದೆ ಎಂದು ಅದು ಒಂದೇ ಸಾಲಿನಲ್ಲಿ ಬಿಡಿಸಿ ಹೇಳುತ್ತದೆ.

6. ಸ್ಯಾಸಲ್‌ಆತ್‌ಡಿ ಬಳಸುವವರಿಗೆ

ಸಿಎಚ್‌ರೂಟ್ ಇದ್ದರೆ ಸಾಕೆಟ್ ಡೈರೆಕ್ಟರಿಯನ್ನು ಅದರೊಳಗೆ ತರಬೇಕು. /ಎಟ್ಸಿ/ಡಿಫಾಲ್ಟ್/ಸ್ಯಾಸಲ್‌ಆತ್‌ಡಿ ಫೈಲಿನ ‘ಆಪ್ಷನ್ಸ್’ ಸಾಲಿನಲ್ಲಿ ‘-ಎಂ’ ಮುಂದೆ /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್/ವಾರ್/ರನ್/ಸ್ಯಾಸಲ್‌ಆತ್‌ಡಿ ಎಂದು ಕೊಡಿ. ಆ ಡೈರೆಕ್ಟರಿಯನ್ನು ಮಾಡಿ, ‘ಡಿಪಿಕೆಜಿ-ಸ್ಟ್ಯಾಟ್‌ಓವರ್‌ರೈಡ್’ ಕಮಾಂಡ್‌ಗೆ ‘--ಅಪ್‌ಡೇಟ್ --ಆಡ್’ ಆಯ್ಕೆಗಳ ಮುಂದೆ ರೂಟ್, ಸ್ಯಾಸಲ್, 710 ಎಂಬ ಮೌಲ್ಯಗಳನ್ನೂ ಹಾದಿಯನ್ನೂ ಕೊಡಿ. ಹೀಗೆ ಮಾಡಿದರೆ ಪ್ಯಾಕೇಜ್ ಅಪ್‌ಡೇಟ್ ಆದಾಗಲೂ ಅನುಮತಿ ಉಳಿಯುತ್ತದೆ.

710 ಎಂದರೆ ರೂಟ್‌ಗೆ ಎಲ್ಲ, ಸ್ಯಾಸಲ್ ಗುಂಪಿನವರಿಗೆ ದಾಟುವ ಹಕ್ಕು, ಉಳಿದವರಿಗೆ ಏನೂ ಇಲ್ಲ. ಒಳಗಿನ ಮಕ್ಸ್ ಸಾಕೆಟ್ ಎಲ್ಲರಿಗೂ ತೆರೆದಿರುವುದರಿಂದ ನಿಜವಾದ ಕಾವಲು ಈ ಡೈರೆಕ್ಟರಿಯದೇ. ಈಗ ‘ಆಡ್‌ಯೂಸರ್ ಪೋಸ್ಟ್‌ಫಿಕ್ಸ್ ಸ್ಯಾಸಲ್’ ಎಂದು ಪೋಸ್ಟ್‌ಫಿಕ್ಸನ್ನು ಗುಂಪಿಗೆ ಸೇರಿಸಿ, ಮೊದಲು ಸ್ಯಾಸಲ್‌ಆತ್‌ಡಿ, ನಂತರ ಪೋಸ್ಟ್‌ಫಿಕ್ಸ್ ರೀಸ್ಟಾರ್ಟ್ ಮಾಡಿ.

ಸ್ಯಾಸಲ್‌ಆತ್‌ಡಿಗೆ ‘ಪ್ಲೇನ್’, ‘ಲಾಗಿನ್’ ವಿಧಾನಗಳಷ್ಟೇ ಆಗಿಬರುತ್ತವೆ. ಸರ್ವರ್ ಮುಂದಿಡುವ ವಿಧಾನಗಳ ಪಟ್ಟಿಯಲ್ಲಿ ‘ಕ್ರ್ಯಾಮ್-ಎಂಡಿ5’ ಇದ್ದು ಬಳಕೆದಾರರ ಮೇಲ್ ಆ್ಯಪ್ ಅದನ್ನೇ ಆರಿಸಿಕೊಂಡರೆ ಲಾಗಿನ್ ವಿಫಲವಾಗುತ್ತದೆ. ಅದು ಅನುಮತಿಯ ದೋಷವಲ್ಲ. ಪಟ್ಟಿಯಿಂದ ಆ ವಿಧಾನವನ್ನು ತೆಗೆಯಬೇಕು.

7. ಹೊಸ ಗುಂಪು ಪ್ರಕ್ರಿಯೆಗೆ ತಲುಪಿತೇ ನೋಡಿ

‘ಐಡಿ’ ಕಮಾಂಡ್ ಹೇಳುವುದು ದಾಖಲೆಯಲ್ಲಿ ಏನಿದೆ ಎಂಬುದನ್ನು. ಓಡುತ್ತಿರುವ ಪ್ರಕ್ರಿಯೆಯ ಕೈಯಲ್ಲಿ ಏನಿದೆ ಎಂದು ತಿಳಿಯಲು /ಪ್ರಾಕ್ ಒಳಗೆ ಆ ಪ್ರಕ್ರಿಯೆಯ ಸಂಖ್ಯೆಯ ಡೈರೆಕ್ಟರಿಗೆ ಹೋಗಿ ‘ಸ್ಟೇಟಸ್’ ಫೈಲಿನ ‘ಗ್ರೂಪ್ಸ್’ ಸಾಲು ಓದಿ. ಅಲ್ಲಿ ಗುಂಪುಗಳು ಸಂಖ್ಯೆಯ ರೂಪದಲ್ಲಿರುತ್ತವೆ. ಡೆಬಿಯನ್‌ನಲ್ಲಿ ಸ್ಯಾಸಲ್ ಗುಂಪಿನ ಸಂಖ್ಯೆ 45. ಎಸ್‌ಎಂಟಿಪಿಡಿ ಪ್ರಕ್ರಿಯೆ ಯಾವಾಗಲೂ ಇರುವುದಿಲ್ಲ. ಸಂಪರ್ಕ ಬಂದಾಗ ಹುಟ್ಟುತ್ತದೆ, ಕೆಲಸವಿಲ್ಲದೆ 100 ಸೆಕೆಂಡ್ ಕಳೆದರೆ ತಾನೇ ಮುಗಿಯುತ್ತದೆ. ಆದ್ದರಿಂದ ಇನ್ನೊಂದು ಕಿಟಕಿಯಿಂದ ಸಂಪರ್ಕ ತೆರೆದಿಟ್ಟುಕೊಂಡು ನೋಡಿ.

8. ಹೊರಗಿನಿಂದ ಪರೀಕ್ಷಿಸಿ, ರೀಬೂಟ್ ಮಾಡಿಯೂ ಪರೀಕ್ಷಿಸಿ

ಬೇರೆ ಕಂಪ್ಯೂಟರಿನಿಂದ ‘ಓಪನ್‌ಎಸ್‌ಎಸ್‌ಎಲ್ ಎಸ್_ಕ್ಲೈಂಟ್’ ಬಳಸಿ, ಸ್ಟಾರ್ಟ್‌ಟಿಎಲ್‌ಎಸ್ ಆಯ್ಕೆಯೊಂದಿಗೆ 587ನೇ ಪೋರ್ಟ್‌ಗೆ ಸಂಪರ್ಕಿಸಿ ‘ಇಎಚ್‌ಎಲ್‌ಒ’ ಕಳಿಸಿ. ಉತ್ತರದಲ್ಲಿ ‘ಆತ್’ ಸಾಲು ಬರಬೇಕು. ಎನ್‌ಕ್ರಿಪ್ಷನ್ ಇಲ್ಲದೆ ಕೇಳಿದಾಗ ಈ ಸಾಲು ಕಾಣದಿರುವುದು ಸಹಜ; ‘ಎಸ್‌ಎಂಟಿಪಿಡಿ_ಟಿಎಲ್‌ಎಸ್_ಆತ್_ಓನ್ಲಿ’ ಎಂಬ ಸೆಟ್ಟಿಂಗ್ ಅದನ್ನು ಬೇಕೆಂದೇ ಮುಚ್ಚಿಡುತ್ತದೆ. ಸ್ಯಾಸಲ್‌ಆತ್‌ಡಿ ಮುಟ್ಟಲಾಗದಿದ್ದರೂ ‘ಆತ್’ ಸಾಲು ಬರಬಹುದು, ಹಾಗಾಗಿ ನಿಜವಾದ ಲಾಗಿನ್ ಮಾಡಿ ಒಂದು ಪತ್ರ ಕಳಿಸಿಯೇ ಖಚಿತಪಡಿಸಿಕೊಳ್ಳಿ.

ಆಮೇಲೆ ಬಿಡುವಿನ ಹೊತ್ತು ನೋಡಿ ಯಂತ್ರವನ್ನು ರೀಬೂಟ್ ಮಾಡಿ. /ರನ್ ಡೈರೆಕ್ಟರಿ ಮೆಮೊರಿಯಲ್ಲಿ ಇರುವಂಥದ್ದು, ಪ್ರತಿ ಸಲ ಖಾಲಿಯಾಗಿ ಹುಟ್ಟುತ್ತದೆ. ಅಲ್ಲಿ ಕೈಯಿಂದ ಕೊಟ್ಟ ಅನುಮತಿ ರೀಬೂಟ್‌ವರೆಗೆ ಮಾತ್ರ ಬಾಳುತ್ತದೆ.

ಎಲ್ಲ ಸರಿಯಿದ್ದೂ ತಡೆ ಇದ್ದರೆ

ಅನುಮತಿಗಳೆಲ್ಲ ಸರಿ, ನಾಲ್ಕನೇ ಹಂತದ ಪರೀಕ್ಷೆಯೂ 0 ಎನ್ನುತ್ತದೆ, ಆದರೂ ಲಾಗ್‌ನಲ್ಲಿ ‘ಪರ್ಮಿಷನ್ ಡಿನೈಡ್’ ಎಂದೇ ಬರುತ್ತಿದ್ದರೆ ಇನ್ನೊಂದು ಕಾವಲು ಕೆಲಸ ಮಾಡುತ್ತಿದೆ ಎಂದರ್ಥ. ಉಬುಂಟುವಿನಲ್ಲಿ ಅದು ಆಪ್‌ಆರ್ಮರ್ ಇರಬಹುದು. ಕರ್ನೆಲ್ ಲಾಗ್‌ನಲ್ಲಿ ‘ಡಿನೈಡ್’ ಎಂಬ ಪದ ಹುಡುಕಿ. ರೆಡ್‌ಹ್ಯಾಟ್ ಕುಟುಂಬದ ಯಂತ್ರಗಳಲ್ಲಿ ಎಸ್‌ಇಲಿನಕ್ಸ್ ಇರುತ್ತದೆ. ‘ಎಯುಸರ್ಚ್ -ಎಂ ಎವಿಸಿ’ ತಡೆದ ಸಾಲನ್ನು ತೋರಿಸುತ್ತದೆ, ‘ರಿಸ್ಟೋರ್‌ಕಾನ್’ ಕೆಟ್ಟ ಲೇಬಲ್‌ಗಳನ್ನು ಸರಿಮಾಡುತ್ತದೆ. ಇವನ್ನು ಪತ್ತೆಗಾಗಿ ಕೆಲ ನಿಮಿಷ ಸಡಿಲಿಸಬಹುದು. ಶಾಶ್ವತವಾಗಿ ಆಫ್ ಮಾಡಿಬಿಡುವುದು ಪರಿಹಾರವಲ್ಲ.

ಎಚ್ಚರಿಕೆಗಳು

• 777 ಕೊಡಬೇಡಿ. ಸಾಕೆಟ್ ಇರುವ ಡೈರೆಕ್ಟರಿಗೆ ಎಲ್ಲರೂ ಬರೆಯುವಂತಾದರೆ, ಆ ಯಂತ್ರದಲ್ಲಿರುವ ಯಾವುದೇ ಬಳಕೆದಾರ ಅಥವಾ ಹ್ಯಾಕ್ ಆದ ವೆಬ್‌ಸೈಟ್ ನಿಜವಾದ ಸಾಕೆಟ್ ಅಳಿಸಿ ತನ್ನದೊಂದನ್ನು ಅಲ್ಲಿಡಬಹುದು. ಆಮೇಲೆ ಲಾಗಿನ್ ಮಾಡುವ ಪ್ರತಿಯೊಬ್ಬರ ಪಾಸ್‌ವರ್ಡೂ ಅವನ ಕೈಗೆ ಹೋಗುತ್ತದೆ.
• ಪೋಸ್ಟ್‌ಫಿಕ್ಸನ್ನು ‘ರೂಟ್’ ಅಥವಾ ‘ಶ್ಯಾಡೋ’ ಗುಂಪಿಗೆ ಸೇರಿಸಬೇಡಿ. ಪಾಸ್‌ವರ್ಡ್ ಫೈಲ್ ಓದುವುದು ಪರಿಶೀಲನಾ ಸೇವೆಯ ಕೆಲಸ. ಪೋಸ್ಟ್‌ಫಿಕ್ಸ್‌ಗೆ ಅದರ ಅಗತ್ಯವಿಲ್ಲ.
• ಪರೀಕ್ಷೆಗೆ ತಾತ್ಕಾಲಿಕ ಖಾತೆಯೊಂದನ್ನು ಬಳಸಿ. ಕಮಾಂಡ್ ಜೊತೆ ಬರೆದ ಪಾಸ್‌ವರ್ಡ್ ಶೆಲ್‌ನ ಇತಿಹಾಸದಲ್ಲಿ ಉಳಿಯುತ್ತದೆ.
• ಸಹಾಯ ಕೇಳಲು ಲಾಗ್ ಹಂಚಿಕೊಳ್ಳುವಾಗ ಬೇಸ್64 ಸಾಲುಗಳನ್ನು ಅಳಿಸಿ. ಅದು ಗೂಢಲಿಪಿಯಲ್ಲ, ಯಾರು ಬೇಕಾದರೂ ಕ್ಷಣದಲ್ಲಿ ಬಿಡಿಸಿ ಓದಬಹುದು.

ಸಾಮಾನ್ಯವಾಗಿ ಆಗುವ ತಪ್ಪುಗಳು

‘-ಎ’ ಮರೆಯುವುದು. ‘ಯೂಸರ್‌ಮಾಡ್’ ಕಮಾಂಡ್‌ನಲ್ಲಿ ‘-ಎಜಿ’ ಬದಲು ‘-ಜಿ’ ಎಂದಷ್ಟೇ ಬರೆದರೆ ಹೊಸ ಗುಂಪು ಸೇರುತ್ತದೆ, ಮೊದಲು ಇದ್ದ ಹೆಚ್ಚುವರಿ ಗುಂಪುಗಳೆಲ್ಲ ಹೋಗುತ್ತವೆ. ಲಾಗಿನ್ ಸರಿಹೋಗಿ, ಡಿಕೆಐಎಂ ಸಹಿ ಹಾಕುವ ಸೇವೆಯಂಥ ಬೇರೊಂದು ಕೆಡುತ್ತದೆ. ಈ ‘ಜಿ’ ದೊಡ್ಡಕ್ಷರ ಎಂಬುದೂ ನೆನಪಿರಲಿ. ಸಣ್ಣಕ್ಷರ ಬಳಸಿದರೆ ಮೂಲ ಗುಂಪೇ ಬದಲಾಗುತ್ತದೆ.

ಸಾಕೆಟನ್ನು ಕೈಯಿಂದ ತಿದ್ದುವುದು. ಡವ್‌ಕಾಟ್ ಪ್ರತಿ ರೀಸ್ಟಾರ್ಟ್‌ನಲ್ಲೂ ಸಾಕೆಟನ್ನು ಕಾನ್ಫಿಗ್ ಪ್ರಕಾರ ಹೊಸದಾಗಿ ಸೃಷ್ಟಿಸುತ್ತದೆ. ‘ಸಿಎಚ್‌ಮಾಡ್’ ಪರಿಣಾಮ ಅಷ್ಟರೊಳಗೆ ಮುಗಿಯುತ್ತದೆ. ತಿದ್ದಬೇಕಾದ್ದು ಕಾನ್ಫಿಗ್ ಫೈಲನ್ನು.

ಇಡೀ ಸ್ಪೂಲ್ ಡೈರೆಕ್ಟರಿಯ ಒಡೆತನ ಬದಲಿಸುವುದು. /ವಾರ್/ಸ್ಪೂಲ್/ಪೋಸ್ಟ್‌ಫಿಕ್ಸ್ ಒಳಗೆ ಬೇರೆ ಬೇರೆ ಡೈರೆಕ್ಟರಿಗಳಿಗೆ ಬೇರೆ ಬೇರೆ ಒಡೆಯರಿದ್ದಾರೆ. ‘ಪೋಸ್ಟ್‌ಡ್ರಾಪ್’ ಗುಂಪಿಗೆ ಸೇರಿದವೂ ಇವೆ. ಒಂದೇ ಏಟಿಗೆ ಎಲ್ಲವನ್ನೂ ಬದಲಿಸಿದ್ದರೆ ‘ಪೋಸ್ಟ್‌ಫಿಕ್ಸ್ ಸೆಟ್-ಪರ್ಮಿಷನ್ಸ್’ ಓಡಿಸಿ, ನಂತರ ‘ಪೋಸ್ಟ್‌ಫಿಕ್ಸ್ ಚೆಕ್’ ಮಾಡಿ.

ಫೇಲ್‌ಟುಬ್ಯಾನ್ ಮರೆಯುವುದು. ದೋಷವಿದ್ದ ಅವಧಿಯಲ್ಲಿ ಜನರ ಮೊಬೈಲ್‌ಗಳು ಮತ್ತೆ ಮತ್ತೆ ಲಾಗಿನ್ ಯತ್ನಿಸಿರುತ್ತವೆ. ಅದನ್ನು ದಾಳಿ ಎಂದು ತಿಳಿದು ಫೇಲ್‌ಟುಬ್ಯಾನ್ ಅವರ ವಿಳಾಸಗಳನ್ನು ತಡೆದಿರಬಹುದು. ನೀವು ಸರಿಪಡಿಸಿದ ಮೇಲೂ ‘ಇನ್ನೂ ಆಗುತ್ತಿಲ್ಲ’ ಎಂಬ ದೂರು ಬಂದರೆ ಆ ಪಟ್ಟಿ ನೋಡಿ ಬಿಡುಗಡೆ ಮಾಡಿ.

ಒಟ್ಟಿಗೆ ಹಲವು ಬದಲಾವಣೆ ಮಾಡುವುದು. ಒಂದು ಬದಲಾವಣೆ, ಒಂದು ಪರೀಕ್ಷೆ ಎಂಬ ಕ್ರಮ ಇಟ್ಟುಕೊಳ್ಳಿ. ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಎಂದು ತಿಳಿಯದೆ, ಬೇಡದ ಅನುಮತಿಗಳು ಹಾಗೇ ಉಳಿದುಬಿಡುತ್ತವೆ.

ಕೆಲಸ ಮುಗಿದ ಮೇಲೆ

ಪತ್ತೆಯ ಭರದಲ್ಲಿ ಸಡಿಲಿಸಿದ ಅನುಮತಿಗಳನ್ನು ಒಂದೊಂದಾಗಿ ಹಿಂದಕ್ಕೆ ತನ್ನಿ. ಪ್ರತಿ ಸಲ ಲಾಗಿನ್ ನಡೆಯುತ್ತಿದೆಯೇ ನೋಡಿ. ಬಳಿಕ ಸರ್ವರ್‌ನ ಟಿಪ್ಪಣಿ ಪುಸ್ತಕದಲ್ಲಿ ನಾಲ್ಕು ಸಂಗತಿ ಬರೆದಿಡಿ: ಸಾಕೆಟ್‌ನ ಪೂರ್ಣ ಹಾದಿ, ಅದರ ಒಡೆಯ ಮತ್ತು ಗುಂಪು, ಪ್ರತಿ ಡೈರೆಕ್ಟರಿಯ ಅನುಮತಿ, ಅದನ್ನು ನಿರ್ಧರಿಸುವ ಕಾನ್ಫಿಗ್ ಫೈಲ್. ಸರಿಯಿರುವಾಗಲೇ ‘ನೇಮ್‌ಐ’ ಕೊಟ್ಟ ಉತ್ತರವನ್ನೂ ಜೊತೆಗೆ ಉಳಿಸಿ. ಮುಂದಿನ ಅಪ್‌ಗ್ರೇಡ್ ನಂತರ ಲಾಗಿನ್ ನಿಂತರೆ ಹಳೆಯ ಉತ್ತರವನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಬದಲಾದ ಸಾಲು ತಾನಾಗಿ ಕಾಣುತ್ತದೆ. ನಿಮ್ಮ ಬದಲು ಬೇರೆ ಯಾರೇ ಸರ್ವರ್ ನೋಡಿಕೊಳ್ಳುತ್ತಿದ್ದರೂ ಅವರಿಗೂ ಕಾಣುತ್ತದೆ.